ತೂಕ ಇಳಿಸಿದ್ದು ಶಿಲಾಯುಗವೇ?

ಪೇಲಿಯೋ ಪಥ್ಯದ ನಿಯಮವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಬೇಸಾಯ ಹುಟ್ಟುವ ಮೊದಲು ಮನುಷ್ಯನಿಗೆ ಏನು ಸಿಗುತ್ತಿತ್ತೋ ಅದನ್ನು ತಿನ್ನಿ, ಆಮೇಲೆ ಬಂದದ್ದನ್ನು ಬಿಡಿ. ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ಬಾದಾಮಿ ಅಕ್ರೋಟುಗಳಿಗೆ ಅವಕಾಶವಿದೆ. ಅಕ್ಕಿ, ಗೋಧಿ, ರಾಗಿ, ಜೋಳ, ಬೇಳೆಕಾಳು, ಹಾಲು, ಮೊಸರು, ಸಕ್ಕರೆ, ಪ್ಯಾಕೆಟ್ ತಿಂಡಿ ಯಾವುದಕ್ಕೂ ಇಲ್ಲ. ಹಿಂದಿರುವ ವಾದವೂ ಅಷ್ಟೇ ನೇರ. ನಮ್ಮ ದೇಹ ಲಕ್ಷಾಂತರ ವರ್ಷ ಬೇಟೆಯಾಡಿ, ಗೆಡ್ಡೆ ಅಗೆದು, ಹಣ್ಣು ಕಿತ್ತು ಬದುಕಿದ ದೇಹ. ಬೇಸಾಯಕ್ಕೆ ಇನ್ನೂ ಹನ್ನೆರಡು ಸಾವಿರ ವರ್ಷವೂ ತುಂಬಿಲ್ಲ. ಇಷ್ಟು ಚಿಕ್ಕ ಅವಧಿಯಲ್ಲಿ ದೇಹ ಹೊಸ ಊಟಕ್ಕೆ ಒಗ್ಗಲಿಲ್ಲ, ಬೊಜ್ಜು, ಮಧುಮೇಹ, ಹೃದಯದ ಕಾಯಿಲೆಗಳೆಲ್ಲ ಹೀಗೆ ಒಗ್ಗದೆ ಹೋದದ್ದರ ಫಲ ಎನ್ನುತ್ತದೆ ಆ ವಾದ.

ಇದರೊಳಗೆ ಎರಡು ಮಾತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಹೀಗೆ ತಿಂದರೆ ತೂಕ ಇಳಿಯುತ್ತದೆ, ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ ಎಂಬುದು ವೈದ್ಯಕೀಯದ ಮಾತು. ನಮ್ಮ ಪೂರ್ವಜರು ಹೀಗೇ ತಿನ್ನುತ್ತಿದ್ದರು, ಆದ್ದರಿಂದ ಇದೇ ನಮ್ಮ ಸಹಜ ಆಹಾರ ಎಂಬುದು ಇತಿಹಾಸದ ಮಾತು. ಮೊದಲನೆಯದು ನಿಜವಾಗಿಬಿಟ್ಟರೆ ಎರಡನೆಯದು ತಾನಾಗಿ ನಿಜವಾಗುವುದಿಲ್ಲ. ಪಥ್ಯ ಮಾಡಿ ಹತ್ತು ಕಿಲೋ ಇಳಿಸಿದವರು ಎರಡನ್ನೂ ಒಟ್ಟಿಗೇ ನಂಬುತ್ತಾರೆ. ಪಥ್ಯವನ್ನು ಗೇಲಿ ಮಾಡುವವರು ಎರಡನ್ನೂ ಒಟ್ಟಿಗೇ ತಳ್ಳಿಹಾಕುತ್ತಾರೆ. ಬಿಡಿಸಿ ನೋಡಿದರೆ ಬೇರೊಂದು ಚಿತ್ರ ಸಿಗುತ್ತದೆ. ಈ ಪಥ್ಯದಿಂದ ಆಗುವ ಲಾಭ ನಿಜ, ಆದರೆ ಅದು ಬರುವುದು ತಟ್ಟೆಯಿಂದ ತೆಗೆದುಹಾಕಿದ ಕೆಲವು ಆಧುನಿಕ ಪದಾರ್ಥಗಳಿಂದ. ಶಿಲಾಯುಗದ ಕಥೆ ಆ ಲಾಭದ ಜೊತೆ ಒಂದು ನಷ್ಟವನ್ನೂ ಕಟ್ಟಿಕೊಡುತ್ತದೆ. ಬೇಳೆ, ಮೊಸರಿನಂಥ ನಿರಪರಾಧಿಗಳಿಗೂ ಅದು ಗಡೀಪಾರು ವಿಧಿಸುತ್ತದೆ.

ಈ ವಿಚಾರಕ್ಕೆ ಅರ್ಧ ಶತಮಾನದ ವಯಸ್ಸಾಗಿದೆ. 1975ರಲ್ಲಿ ಅಮೆರಿಕದ ಜಠರರೋಗ ತಜ್ಞ ವಾಲ್ಟರ್ ವೋಗ್ಟ್‌ಲಿನ್ ಶಿಲಾಯುಗದ ಆಹಾರದ ಬಗ್ಗೆ ಪುಸ್ತಕ ಬರೆದರು. ವಿದ್ವತ್ ವಲಯ ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು 1985ರಲ್ಲಿ, ವೈದ್ಯ ಬಾಯ್ಡ್ ಈಟನ್ ಮತ್ತು ಮಾನವಶಾಸ್ತ್ರಜ್ಞ ಮೆಲ್ವಿನ್ ಕಾನರ್ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಲೇಖನ ಪ್ರಕಟಿಸಿದ ಮೇಲೆ. ಅದನ್ನು ಮನೆಮಾತಾಗಿಸಿದ್ದು ಕೊಲರಾಡೋದ ಲೋರೆನ್ ಕಾರ್ಡೇನ್ 2002ರ ಹೊತ್ತಿಗೆ ತಂದ ಪುಸ್ತಕ. ಈ ನಡುವೆ ಒಂದು ಬದಲಾವಣೆ ಆಯಿತು. ಈಟನ್ ಮತ್ತು ಕಾನರ್ ಲೆಕ್ಕದಲ್ಲಿ ಆದಿಮಾನವನ ಊಟದಲ್ಲಿ ಸುಮಾರು 35% ಮಾಂಸ, 65% ಸಸ್ಯ. ಕಾರ್ಡೇನ್ ಮತ್ತು ಸಂಗಡಿಗರು 2000ದಲ್ಲಿ ಹಾಕಿದ ಲೆಕ್ಕದಲ್ಲಿ ಬಹುಪಾಲು ಬೇಟೆ-ಸಂಗ್ರಹ ಸಮಾಜಗಳು ಅರ್ಧಕ್ಕಿಂತ ಹೆಚ್ಚು ಆಹಾರವನ್ನು ಪ್ರಾಣಿಗಳಿಂದಲೇ ಪಡೆಯುತ್ತಿದ್ದವು. ಹದಿನೈದು ವರ್ಷದಲ್ಲಿ ಪೂರ್ವಜನೇನೂ ಬದಲಾಗಿರಲಿಲ್ಲ. ಅವನ ತಟ್ಟೆಯನ್ನು ಬಡಿಸುವವರು ಬದಲಾಗಿದ್ದರು.

ಇರಲಿ, ಮೊದಲು ವೈದ್ಯಕೀಯದ ಮಾತನ್ನು ನೋಡೋಣ. ಈ ಪಥ್ಯವನ್ನು ಶಿಸ್ತಾಗಿ ಪರೀಕ್ಷಿಸಿದವರಲ್ಲಿ ಸ್ವೀಡನ್ನಿನವರು ಮುಂದಿದ್ದಾರೆ. 2007ರಲ್ಲಿ ಸ್ಟಾಫನ್ ಲಿಂಡೆಬರ್ಗ್ ತಂಡ ಹೃದ್ರೋಗದ ಜೊತೆ ಸಕ್ಕರೆಯ ತೊಂದರೆಯೂ ಇದ್ದ 29 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೇಲಿಯೋ, ಇನ್ನೊಂದಕ್ಕೆ ಮೆಡಿಟರೇನಿಯನ್ ಮಾದರಿಯ ಊಟ ಹೇಳಿತು. ಹನ್ನೆರಡು ವಾರಗಳ ಬಳಿಕ ಪೇಲಿಯೋ ಗುಂಪಿನವರ ಸೊಂಟದ ಸುತ್ತಳತೆ ಸರಾಸರಿ 5.6 ಸೆಂಟಿಮೀಟರ್ ಇಳಿದಿತ್ತು, ಇನ್ನೊಂದು ಗುಂಪಿನದು 2.9. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯಲ್ಲಿ ಸಕ್ಕರೆಯ ಏರಿಕೆ ಮೊದಲ ಗುಂಪಿನಲ್ಲಿ 26% ತಗ್ಗಿತು, ಎರಡನೆಯದರಲ್ಲಿ 7%. ಗುಂಪು ಚಿಕ್ಕದು, ಅವಧಿಯೂ ಚಿಕ್ಕದು. ಆದರೂ ಇದನ್ನು ಕಾಕತಾಳೀಯವೆಂದು ಬದಿಗೆ ಸರಿಸಲಾಗದು.

ಇನ್ನೂ ಉಪಯುಕ್ತವಾದದ್ದು ಸ್ವೀಡನ್ನಿನದೇ ಉಮೆಓ ನಗರದ ಅಧ್ಯಯನ, ಏಕೆಂದರೆ ಅದು ಎರಡು ವರ್ಷ ನಡೆಯಿತು. ಮುಟ್ಟು ನಿಂತ, ಬೊಜ್ಜಿನ ತೊಂದರೆಯಿದ್ದ 70 ಮಹಿಳೆಯರಲ್ಲಿ ಅರ್ಧ ಮಂದಿ ಪೇಲಿಯೋ, ಇನ್ನರ್ಧ ಮಂದಿ ಅಲ್ಲಿನ ಅಧಿಕೃತ ಶಿಫಾರಸಿನ ಊಟ ಮಾಡಿದರು. ಆರು ತಿಂಗಳಿಗೆ ಪೇಲಿಯೋ ಗುಂಪಿನವರ ಮೈಕೊಬ್ಬು ಸರಾಸರಿ 6.5 ಕಿಲೋ ಕರಗಿತ್ತು, ಮತ್ತೊಂದು ಗುಂಪಿನವರದು 2.6 ಕಿಲೋ. ಎರಡು ವರ್ಷದ ಕೊನೆಗೆ ಅಂಕಿಗಳು 4.6 ಮತ್ತು 2.9ಕ್ಕೆ ಬಂದು ನಿಂತವು. ಸಂಖ್ಯಾಶಾಸ್ತ್ರದ ಕಣ್ಣಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ರಕ್ತದ ಟ್ರೈಗ್ಲಿಸರೈಡ್ ಮಾತ್ರ ಪೇಲಿಯೋದಲ್ಲಿ ಕೊನೆಯವರೆಗೂ ಚೆನ್ನಾಗಿ ಇಳಿದಿತ್ತು. ಇನ್ನೊಂದು ಕಡೆ, ಆ ಮಹಿಳೆಯರಲ್ಲಿ ಅಯೋಡಿನ್ ಕೊರತೆ ಕಾಣಿಸಿಕೊಂಡಿತು. ಆರಂಭದ ಗೆಲುವು ದೊಡ್ಡದು, ಕಾಲ ಕಳೆದಂತೆ ಅದು ಕುಗ್ಗುತ್ತದೆ, ಜೊತೆಗೆ ಒಂದೆರಡು ಪೋಷಕಾಂಶಗಳಲ್ಲಿ ಸೋಲಿದೆ. ಪೇಲಿಯೋದ ಬಗ್ಗೆ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇದು.

ತೂಕ ಇಳಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಶಿಲಾಯುಗವನ್ನು ಕರೆಯಬೇಕಿಲ್ಲ. ಮೊದಲ ವಾರದ ಇಳಿಕೆಯಲ್ಲಿ ನೀರಿನ ಪಾಲು ದೊಡ್ಡದು. ಯಕೃತ್ತು ಮತ್ತು ಸ್ನಾಯುಗಳಲ್ಲಿ ನಾನೂರು ಐನೂರು ಗ್ರಾಂ ಗ್ಲೈಕೋಜನ್ ಕೂಡಿಟ್ಟಿರುತ್ತದೆ, ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ, ಮುದ್ದೆ, ಚಪಾತಿ ನಿಲ್ಲಿಸಿದೊಡನೆ ಆ ಸಂಗ್ರಹ ಖಾಲಿಯಾಗಿ ನೀರೂ ಹೊರಗೆ ಹೋಗುತ್ತದೆ. ತೂಕದ ಯಂತ್ರ ತೋರಿಸುವ ಒಂದೂವರೆ ಎರಡು ಕಿಲೋ ಉತ್ಸಾಹ ಕೊಡುತ್ತದೆ, ಆದರೆ ಅದರಲ್ಲಿ ಕೊಬ್ಬು ಕಡಿಮೆ. ಮುಂದಿನ ಇಳಿಕೆ ನಿಜವಾದದ್ದು. ಪ್ರೋಟೀನು ಮತ್ತು ನಾರು ಹೆಚ್ಚಿದ ಊಟ ಬೇಗ ಹೊಟ್ಟೆ ತುಂಬಿಸುತ್ತದೆ. ತರಕಾರಿಯಲ್ಲಿ ನೀರು ಜಾಸ್ತಿ, ಕ್ಯಾಲೊರಿ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ ಬಿಸ್ಕತ್ತು, ಬ್ರೆಡ್ಡು, ಪಫ್ಸು, ಚಿಪ್ಸು, ತಂಪು ಪಾನೀಯ, ಸಿಹಿತಿಂಡಿಗಳೆಲ್ಲ ಒಂದೇ ಏಟಿಗೆ ಮನೆಯಿಂದ ಹೊರಬೀಳುತ್ತವೆ. ಸಂಜೆ ನಾಲ್ಕಕ್ಕೆ ಕಚೇರಿಯಲ್ಲಿ ಚಹಾದ ಜೊತೆ ತಟ್ಟೆ ತುಂಬ ಬಿಸ್ಕತ್ತು ಬಂದಾಗ ಪೇಲಿಯೋದವರಿಗೆ ಯೋಚಿಸಲು ಏನೂ ಇರುವುದಿಲ್ಲ.

ಹೀಗೆ ಹೊರಬಿದ್ದ ಪದಾರ್ಥಗಳ ತೂಕ ಎಷ್ಟೆಂಬುದನ್ನು 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಅಳೆದು ತೋರಿಸಿದರು. ಇಪ್ಪತ್ತು ಜನರನ್ನು ಸಂಸ್ಥೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಹಜ ರೂಪದ ಆಹಾರ ಕೊಟ್ಟರು. ಬಡಿಸಿದ ಎರಡು ಊಟಗಳಲ್ಲೂ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮನಾಗಿರುವಂತೆ ನೋಡಿಕೊಂಡಿದ್ದರು. ಎಷ್ಟು ತಿನ್ನಬೇಕೆಂಬುದು ತಿನ್ನುವವರಿಗೆ ಬಿಟ್ಟದ್ದು. ಕಾರ್ಖಾನೆಯ ಊಟದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, 0.9 ಕಿಲೋ ಏರಿದರು. ಸಹಜ ಊಟದ ದಿನಗಳಲ್ಲಿ ಅಷ್ಟೇ ಇಳಿದರು. ಸಹಜ ಊಟದ ಆ ಪಟ್ಟಿಯಲ್ಲಿ ಧಾನ್ಯವೂ ಇತ್ತು, ಮೊಸರೂ ಇತ್ತು. ಧಾನ್ಯವನ್ನು ಸಾರಾಸಗಟಾಗಿ ಗಡೀಪಾರು ಮಾಡದೆಯೂ ಇಳಿಕೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟೊಫರ್ ಗಾರ್ಡನರ್ ತಂಡ 609 ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗವೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. ಅಲ್ಲಿ ಒಂದು ಗುಂಪು ಕೊಬ್ಬನ್ನು, ಇನ್ನೊಂದು ಪಿಷ್ಟವನ್ನು ಕಡಿಮೆ ಮಾಡಿತು. ಸಕ್ಕರೆ, ಮೈದಾ ಬಿಟ್ಟು ತರಕಾರಿ ಹೆಚ್ಚಿಸಿ ಎಂಬ ಸೂಚನೆ ಮಾತ್ರ ಇಬ್ಬರಿಗೂ ಒಂದೇ. ಇಳಿದ ತೂಕ 5.3 ಮತ್ತು 6 ಕಿಲೋ, ಹೆಚ್ಚುಕಡಿಮೆ ಸಮ.

ಇನ್ನು ಇತಿಹಾಸದ ಮಾತು. ಶಿಲಾಯುಗದವರು ಧಾನ್ಯ ಮುಟ್ಟಿರಲಿಲ್ಲ ಎಂಬ ನಂಬಿಕೆಯನ್ನು ಪುರಾತತ್ವ ಒಪ್ಪುವುದಿಲ್ಲ. ಇಸ್ರೇಲಿನ ಗಲಿಲೀ ಸರೋವರದ ದಂಡೆಯ ಒಹಾಲೋ ನೆಲೆಯಲ್ಲಿ 23,000 ವರ್ಷ ಹಿಂದಿನ ಜನ ಕಾಡು ಬಾರ್ಲಿ, ಕಾಡು ಗೋಧಿ ಸಂಗ್ರಹಿಸುತ್ತಿದ್ದರು, ಅಲ್ಲಿನ ಬೀಸುಗಲ್ಲಿನ ಮೇಲೆ ಧಾನ್ಯದ ಪಿಷ್ಟ ಸಿಕ್ಕಿದೆ. ಜೋರ್ಡಾನಿನ ಒಲೆಯೊಂದರಲ್ಲಿ 14,000 ವರ್ಷಕ್ಕೂ ಹಳೆಯ, ರೊಟ್ಟಿಯಂಥ ಸುಟ್ಟ ತುಣುಕುಗಳು ದೊರೆತಿವೆ, ಅಂದರೆ ಆ ಸೀಮೆಯಲ್ಲಿ ಬೇಸಾಯ ಶುರುವಾಗುವುದಕ್ಕೆ ಸಾವಿರಾರು ವರ್ಷ ಮೊದಲಿನವು. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಲರ ಹಲ್ಲಿನ ಕಿಟ್ಟದಲ್ಲಿ ಬೇಯಿಸಿದ ಪಿಷ್ಟದ ಕಣಗಳಿವೆ. ಆದಿಮಾನವ ಎಂದರೆ ಮಾಂಸ ಎಂಬ ಚಿತ್ರ ಬೇರೂರಲು ಒಂದು ಸರಳ ಕಾರಣವಿದೆ: ಮೂಳೆ ಮತ್ತು ಕಲ್ಲು ಉಳಿಯುತ್ತವೆ, ಸೊಪ್ಪು ಗೆಡ್ಡೆಗಳು ಕೊಳೆತುಹೋಗುತ್ತವೆ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಕಥೆಯೂ ಅದೇ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಅಲ್ಲಿ ದುಡಿದರು. ಅಲ್ಲಿನ ಇಸಾಂಪುರ ಹತ್ತು ಲಕ್ಷ ವರ್ಷಕ್ಕೂ ಹಳೆಯದೆಂದು ಕಾಲನಿರ್ಣಯವಾಗಿದೆ. ಕೈಗೊಡಲಿಗಳು ರಾಶಿ ರಾಶಿ ಸಿಕ್ಕಿವೆ, ಪ್ರಾಣಿಗಳ ಹಲ್ಲು ಸಿಕ್ಕಿದೆ. ಆ ಜನ ಮಳೆಗಾಲದಲ್ಲಿ ಯಾವ ಸೊಪ್ಪು ಕೊಯ್ದರು, ಬೇಸಿಗೆಯಲ್ಲಿ ಯಾವ ಗೆಡ್ಡೆ ಅಗೆದರು ಎಂದು ಕಲ್ಲು ಹೇಳುವುದಿಲ್ಲ.

ಶಿಲಾಯುಗದ ಊಟ ಎಂಬ ಒಂದೇ ಊಟವೂ ಇರಲಿಲ್ಲ. ಈಗಲೂ ಬೇಟೆ-ಸಂಗ್ರಹದಲ್ಲಿ ಬದುಕುವ ತಾಂಜಾನಿಯಾದ ಹಾಡ್ಜಾ ಜನರ ಊಟದಲ್ಲಿ ಮಾಂಸದ ಜೊತೆ ಗೆಡ್ಡೆ, ಬೇರಿ ಹಣ್ಣು, ಬಾವೊಬಾಬ್ ಕಾಯಿ ಇವೆ. ಜೇನುತುಪ್ಪವಂತೂ ಅವರ ಕ್ಯಾಲೊರಿಯ ದೊಡ್ಡ ಮೂಲಗಳಲ್ಲಿ ಒಂದು. ಉತ್ತರ ಧ್ರುವದ ಇನ್ಯೂಟರು ಸೀಲ್ ಮತ್ತು ಮೀನಿನ ಕೊಬ್ಬಿನಲ್ಲಿ ಬದುಕಿದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡುಗೆಣಸು, ಜೇನಿನ ಜೊತೆ ರಾಗಿಯನ್ನೂ ಬೆಳೆದುಕೊಂಡವರು. ಅತ್ಯಂತ ತಮಾಷೆಯ ಸಂಗತಿ ಪೇಲಿಯೋದ ಪರ ನಿಂತ ಲಿಂಡೆಬರ್ಗ್ ಅವರದೇ ಅಧ್ಯಯನದಲ್ಲಿದೆ. 1990ರ ಸುಮಾರಿಗೆ ಅವರು ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪಕ್ಕೆ ಹೋಗಿ ನೋಡಿದಾಗ ಅಲ್ಲಿ ಬೊಜ್ಜು ಇರಲಿಲ್ಲ, ಹೃದಯಾಘಾತ ಪಾರ್ಶ್ವವಾಯುಗಳ ಸುಳಿವೇ ಇರಲಿಲ್ಲ. ದ್ವೀಪದವರು ತಿನ್ನುತ್ತಿದ್ದುದು ಗೆಣಸು, ಕೆಸುವಿನ ಗೆಡ್ಡೆ, ತೆಂಗು, ಹಣ್ಣು, ಮೀನು; ಶಕ್ತಿಯ ಸುಮಾರು 70% ಪಿಷ್ಟದಿಂದ. ಬೊಲಿವಿಯಾದ ಚಿಮಾನೆ ಜನರ ಹೃದಯದ ರಕ್ತನಾಳಗಳು ಇದುವರೆಗೆ ಪರೀಕ್ಷಿಸಿದವರಲ್ಲೆಲ್ಲ ಅತಿ ಸ್ವಚ್ಛವೆಂದು 2017ರಲ್ಲಿ ಗೊತ್ತಾಯಿತು. ಅವರು ಬೇಟೆಯಾಡುತ್ತಾರೆ, ಮೀನು ಹಿಡಿಯುತ್ತಾರೆ, ಜೊತೆಗೆ ಬಾಳೆ, ಮರಗೆಣಸು, ಮುಸುಕಿನ ಜೋಳ, ಅಕ್ಕಿ ಬೆಳೆದು ತಿನ್ನುತ್ತಾರೆ. ಪಿಷ್ಟವೇ ಶತ್ರು ಎನ್ನುವವರು ಈ ಎರಡು ಜನಸಮುದಾಯಗಳ ಮುಂದೆ ಮೌನವಾಗಬೇಕಾಗುತ್ತದೆ.

ದೇಹ ಹತ್ತು ಸಾವಿರ ವರ್ಷದಲ್ಲಿ ಬದಲಾಗಲೇ ಇಲ್ಲ ಎಂಬುದೂ ತಪ್ಪು. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆಯನ್ನು ಅರಗಿಸುವ ಗುಣ ಹರಡಿದ್ದು ಪಶುಪಾಲನೆಯ ನಂತರ. ಭಾರತದಲ್ಲಿ ಅದು ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ನಮ್ಮಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಮಂದಿಗೆ ಮೊಸರು ಮಜ್ಜಿಗೆ ಒಗ್ಗುವುದು, ಹೆಪ್ಪಾಗುವಾಗ ಆ ಸಕ್ಕರೆಯ ಒಂದು ಭಾಗವನ್ನು ಸೂಕ್ಷ್ಮಾಣುಗಳೇ ಕರಗಿಸಿರುವುದರಿಂದ. ದೇಹ ಬದಲಾಗದ ಕಡೆ ಅಡುಗೆ ಬದಲಾಗಿದೆ. ಇನ್ನು ನಾವು ಹಣ್ಣು ತರಕಾರಿ ಎನ್ನುವುದೂ ಶಿಲಾಯುಗದ್ದಲ್ಲ. ಎಲೆಕೋಸು, ಹೂಕೋಸು, ಬ್ರೊಕೊಲಿ ಮೂರೂ ಒಂದೇ ಕಾಡುಗಿಡದಿಂದ ರೈತರು ಆಯ್ದು ಬೆಳೆಸಿದ ರೂಪಗಳು. ಕಾಡು ಬಾದಾಮಿ ಕಹಿ, ಸಯನೈಡ್ ಉಂಟುಮಾಡುವಂಥದ್ದು. ಪೇಲಿಯೋ ತಟ್ಟೆಯಲ್ಲಿ ಬೇಸಾಯಕ್ಕಿಂತ ಹಳೆಯ ರೂಪದಲ್ಲಿರುವುದು ಸಮುದ್ರದ ಮೀನು ಮಾತ್ರ ಎಂದರೂ ನಡೆದೀತು.

ಹಾಗೆಂದು ಪೇಲಿಯೋವಾದಿಗಳನ್ನು ಸುಲಭವಾಗಿ ಸೋಲಿಸಿದೆವೆಂದು ಬೀಗುವುದು ಬೇಡ. 'ಅವರೆಲ್ಲ ಮೂವತ್ತಕ್ಕೇ ಸಾಯುತ್ತಿದ್ದರಲ್ಲ' ಎಂಬ ಜನಪ್ರಿಯ ಉತ್ತರ ಗಟ್ಟಿಯಲ್ಲ. ಬೇಟೆ-ಸಂಗ್ರಹ ಸಮಾಜಗಳಲ್ಲಿ ಸರಾಸರಿ ಆಯುಸ್ಸನ್ನು ಕೆಳಗೆಳೆಯುವುದು ಮಕ್ಕಳ ಸಾವು. ಬಾಲ್ಯ ದಾಟಿದವರಲ್ಲಿ ಅನೇಕರು ಅರವತ್ತು ಎಪ್ಪತ್ತರವರೆಗೆ ಬದುಕುತ್ತಾರೆ. ಬೇಸಾಯ ಬಂದಾಗ ಹಲವೆಡೆ ಜನರ ಎತ್ತರ ಕುಗ್ಗಿತು, ಹಲ್ಲು ಹುಳುಕಾಯಿತು, ಒಂದೇ ಧಾನ್ಯಕ್ಕೆ ಜೋತುಬಿದ್ದು ಪೋಷಣೆ ಕೆಟ್ಟಿತು ಎಂದು ಅಸ್ಥಿಪಂಜರಗಳು ಹೇಳುತ್ತವೆ. ಬೇಸಾಯವನ್ನು ಮನುಕುಲದ ಅತಿದೊಡ್ಡ ತಪ್ಪೆಂದು ಜೇರೆಡ್ ಡೈಮಂಡ್ 1987ರಲ್ಲಿ ಬರೆದದ್ದು ಸುಮ್ಮನೆ ಅಲ್ಲ. ಆದರೆ ಆ ರೈತರ ಕಾಯಿಲೆ ಕೊರತೆಯದು, ನಮ್ಮದು ಮಿತಿಮೀರಿದ್ದರದು. ಹತ್ತು ಸಾವಿರ ವರ್ಷ ಧಾನ್ಯ ತಿಂದ ಜನಕ್ಕೆ ಈ ಪರಿಯ ಮಧುಮೇಹ ಬಂದದ್ದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ. ಆರೋಪಿಯನ್ನು ಹುಡುಕಬೇಕಾದದ್ದೂ ಆ ಐವತ್ತು ಅರವತ್ತು ವರ್ಷಗಳಲ್ಲೇ.

ನಮ್ಮ ನಾಡಿಗೆ ಬಂದಾಗ ಈ ಪಥ್ಯ ಇನ್ನೂ ವಿಚಿತ್ರ ರೂಪ ತಾಳುತ್ತದೆ. ತಮಿಳುನಾಡಿನಲ್ಲಿ ಪೇಲಿಯೋ ದೊಡ್ಡ ಅಲೆಯಾಗಿ ಹಬ್ಬಿದಾಗ ಸಸ್ಯಾಹಾರಿಗಳಿಗೆ ಬೆಳಗಿನ ಊಟವಾಗಿ ನೂರು ಬಾದಾಮಿ, ಮಧ್ಯಾಹ್ನಕ್ಕೆ ಪನೀರು, ಜೊತೆಗೆ ಬೆಣ್ಣೆ ತುಪ್ಪ ಎಂಬ ಪಟ್ಟಿ ಬಳಕೆಗೆ ಬಂತು. ಬೆಂಗಳೂರಿಗೂ ಅದು ತಲುಪಿದೆ. ಹಾಲನ್ನು ನಿಷೇಧಿಸಿದ ಪಥ್ಯದಲ್ಲಿ ಪನೀರು ಬಂದಾಗಲೇ ಶಿಲಾಯುಗದ ಕಥೆ ಮುಗಿಯಿತು. ಉಳಿದದ್ದು ಪಿಷ್ಟ ಕಡಿಮೆ, ಕೊಬ್ಬು ಹೆಚ್ಚು ಇರುವ ಒಂದು ಆಧುನಿಕ ಪಥ್ಯ. ನೂರು ಬಾದಾಮಿ ಎಂದರೆ ಏಳುನೂರರಷ್ಟು ಕ್ಯಾಲೊರಿ, ಇಪ್ಪತ್ತೈದು ಗ್ರಾಂ ಪ್ರೋಟೀನು, ಮತ್ತು ಕೂಲಿಯವನ ಸಂಸಾರಕ್ಕೆ ಊಹಿಸಲಾಗದ ಖರ್ಚು. ಅದರ ಎಷ್ಟೋ ಕಡಿಮೆ ಬೆಲೆಗೆ ತೊಗರಿಬೇಳೆ, ಹುರುಳಿ, ಹೆಸರುಕಾಳು ಅಷ್ಟೇ ಪ್ರೋಟೀನು ಕೊಡುತ್ತವೆ. ಕಾಳಿನಲ್ಲಿ ಲೆಕ್ಟಿನ್ ಇದೆ, ಫೈಟೇಟ್ ಇದೆ ಎಂಬ ಪೇಲಿಯೋದ ದೂರು ಸುಳ್ಳಲ್ಲ. ಆದರೆ ಹಸಿ ಕಾಳನ್ನು ಯಾರೂ ತಿನ್ನುವುದಿಲ್ಲ. ನೆನೆಸುವುದು, ಮೊಳಕೆ ಬರಿಸುವುದು, ಕುದಿಸಿ ಬೇಯಿಸುವುದು, ಹುದುಗಿಸುವುದು ಅವುಗಳ ಕಾಟವನ್ನು ಬಹುಮಟ್ಟಿಗೆ ಕಳೆಯುತ್ತವೆ.

ಪುರಾತನದ ವಾದ ಎಷ್ಟು ನಂಬಲರ್ಹ ಎಂಬುದನ್ನು ತೂಗಿನೋಡಲು ಕರ್ನಾಟಕಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಅದೇ ವಾದ ತಲೆಕೆಳಗಾಗಿ ನಿಂತಿದೆ. ನಮ್ಮ ಪೂರ್ವಜರು ತಿನ್ನುತ್ತಿದ್ದರು, ಆದ್ದರಿಂದ ಸಿರಿಧಾನ್ಯ ತಿನ್ನಿ ಎಂದು ಮೇಳಗಳು ಸಾರುತ್ತವೆ. ಅದಕ್ಕೆ ಆಧಾರವೂ ಇದೆ: ಬಳ್ಳಾರಿಯ ಸಂಗನಕಲ್ಲು ಮತ್ತು ಸುತ್ತಲಿನ ನವಶಿಲಾಯುಗದ ನೆಲೆಗಳಲ್ಲಿ, ಬೂದಿದಿಬ್ಬ ಬಿಟ್ಟುಹೋದ ದನಗಾಹಿಗಳ ಕಾಲದಲ್ಲಿ, ಕೊರಲೆ, ಹುರುಳಿ, ಹೆಸರಿನ ಸುಟ್ಟ ಕಾಳುಗಳು ಸಿಕ್ಕಿವೆ; ಸುಮಾರು ನಾಲ್ಕು ಸಾವಿರ ವರ್ಷ ಹಳೆಯವು. ಹುಣಸಗಿಯ ಪೂರ್ವಜ ಧಾನ್ಯ ಬೇಡ ಎನ್ನುತ್ತಾನೆ, ಸಂಗನಕಲ್ಲಿನ ಪೂರ್ವಜ ಧಾನ್ಯ ಬೇಕು ಎನ್ನುತ್ತಾನೆ. ಯಾರ ಮಾತು ಕೇಳುವುದು? ಪೂರ್ವಜನ ಬಾಯಲ್ಲಿ ನಮಗೆ ಬೇಕಾದುದನ್ನು ಹೇಳಿಸುತ್ತಿದ್ದೇವೆ, ಅಷ್ಟೆ. ರಾಗಿಯ ಹಿರಿಮೆ ಅದರ ಹಳಮೆಯಲ್ಲಿಲ್ಲ. ಅದು ಆಫ್ರಿಕಾದಿಂದ ಬಂದ ಅತಿಥಿ. ನೂರು ಗ್ರಾಂಗೆ ಮುನ್ನೂರೈವತ್ತು ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇರುವುದೇ ಅದರ ಹಿರಿಮೆ. ಅದೇ ರಾಗಿಯನ್ನು ನುಣ್ಣಗೆ ಬೀಸಿ, ಬೆಲ್ಲ ಹಾಕಿ ಮಾಲ್ಟ್ ಮಾಡಿ ಕುಡಿದರೆ ರಕ್ತದ ಸಕ್ಕರೆ ಬೇಗನೆ ಏರುತ್ತದೆ. ಪಾಲಿಶ್ ಮಾಡಿದ ಸಾಮೆ ನವಣೆಗಳಲ್ಲಿ ನಾರು ಹೆಚ್ಚು ಉಳಿಯುವುದಿಲ್ಲ. ಪದಾರ್ಥ ಯಾವ ಯುಗದ್ದೆಂಬುದಕ್ಕಿಂತ ಅದು ಯಾವ ರೂಪದಲ್ಲಿ, ಎಷ್ಟು, ಯಾವುದರ ಜೊತೆ ಹೊಟ್ಟೆಗೆ ಹೋಗುತ್ತದೆಂಬುದು ಮುಖ್ಯ.

ಹಾಗಾದರೆ ಪೇಲಿಯೋದಿಂದ ನಾವು ಕಲಿಯಬೇಕಾದದ್ದು ಏನೂ ಇಲ್ಲವೇ? ಇದೆ, ಅದೂ ಕಹಿಯಾದದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ, ಇನ್ನೂ ಹದಿಮೂರು ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದಿತು. ಅದೇ ಸಮೀಕ್ಷೆಯ ಮುಂದಿನ ವರದಿಯಂತೆ ನಮ್ಮ ಕ್ಯಾಲೊರಿಯಲ್ಲಿ ಸುಮಾರು 62% ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ, ಅದರಲ್ಲಿ ಹೆಚ್ಚಿನದು ಬಿಳಿ ಅಕ್ಕಿ, ಹಿಟ್ಟು, ಸಕ್ಕರೆ. ಕಿಟಾವಾದವರೂ ಹೆಚ್ಚುಕಡಿಮೆ ಅಷ್ಟೇ ಪಿಷ್ಟ ತಿನ್ನುತ್ತಿದ್ದರು, ಆದರೆ ಇಡೀ ಗೆಡ್ಡೆಯ ರೂಪದಲ್ಲಿ, ಮೈಬಗ್ಗಿಸಿ ದುಡಿಯುತ್ತ. ನಾವು ಕುರ್ಚಿಯಲ್ಲಿ ಕೂತು ತಿನ್ನುತ್ತೇವೆ. ಅದರ ಮೇಲೆ ನಮ್ಮ ಮೈಕಟ್ಟಿನ ಗುಣ ಬೇರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಒಟ್ಟಿಗೆ ನಿಂತ ಚಿತ್ರವೊಂದು 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಇಬ್ಬರ ಬಿಎಂಐ 22.3, ಮೈಕೊಬ್ಬು ಮಾತ್ರ ಯಡ್ಕಿನ್ ಅವರಲ್ಲಿ 9.1%, ಯಾಜ್ಞಿಕ್ ಅವರಲ್ಲಿ 21.2%. ತೆಳ್ಳಗೆ ಕಾಣುವ ಭಾರತೀಯನೊಳಗೆ ಕೊಬ್ಬು ಅಡಗಿ ಕೂತಿರುತ್ತದೆ. ಮೂರು ಮುಷ್ಟಿ ಅನ್ನ, ನೀರು ಸಾರು, ಚಮಚೆಯಷ್ಟು ಪಲ್ಯ ಎಂಬ ನಮ್ಮ ಮಧ್ಯಮ ವರ್ಗದ ಊಟ ಸಂಪ್ರದಾಯದ ಹೆಸರಿನಲ್ಲಿ ಪಾರಾಗಲಾರದು. ಪೇಲಿಯೋದವರು ಈ ಅನ್ನದ ರಾಶಿಯತ್ತ ಬೆರಳು ತೋರಿದ್ದು ಸರಿ.

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿ ಇದನ್ನೇ ಗದ್ದಲವಿಲ್ಲದೆ ಹೇಳುತ್ತದೆ. ಎರಡು ಸಾವಿರ ಕ್ಯಾಲೊರಿಯ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ ಸೊಪ್ಪು 400, ಹಣ್ಣು 100, ಕಡಲೆಬೀಜ ಬಾದಾಮಿಯಂಥ ಬೀಜಗಳು 35 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್. ಧಾನ್ಯದಿಂದ ಬರುವ ಶಕ್ತಿ 45% ದಾಟಬಾರದು. ತೂಕ ಇಳಿಸಬೇಕಾದವರು ಧಾನ್ಯವನ್ನು ಇನ್ನೂ ಕಡಿಮೆ ಮಾಡಬಹುದು. ಬಸ್ಸಾರು, ಹುರುಳಿ ಸಾರು, ಮೊಳಕೆಕಾಳಿನ ಉಸಲಿ, ಕೋಸಂಬರಿ, ಮೀನು, ಮೊಟ್ಟೆ, ಎರಡು ಬಗೆ ಪಲ್ಯ ತಟ್ಟೆಯ ಮುಕ್ಕಾಲು ಭಾಗ ಹಿಡಿದು, ಮುದ್ದೆಯೋ ಅನ್ನವೋ ಒಂದು ಮೂಲೆಗೆ ಸರಿದರೆ ಪೇಲಿಯೋದ ಲಾಭದ ಬಹುಭಾಗ ಅಲ್ಲೇ ಸಿಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಪಿಷ್ಟ ನಿಲ್ಲಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಅತಿ ಪ್ರೋಟೀನು ಹೊರೆ. ಅವರು ವೈದ್ಯರನ್ನು ಕೇಳದೆ ಯಾವ ಯುಗದ ಪಥ್ಯಕ್ಕೂ ಕೈಹಾಕಬಾರದು.

ಕಥೆಯಿಲ್ಲದೆ ಜನ ಪಥ್ಯ ಮಾಡುವುದಿಲ್ಲ, ಕಥೆಯೇ ಅವರಿಗೆ ಛಲ ಕೊಡುತ್ತದೆ ಎಂಬ ಆಕ್ಷೇಪಣೆ ಬರಬಹುದು. ಇದರಲ್ಲಿ ಹುರುಳಿದೆ. 'ಧಾನ್ಯ ಕಡಿಮೆ ಮಾಡಿ' ಎಂಬ ಸಲಹೆಗಿಂತ 'ಬೇಟೆಗಾರನಂತೆ ತಿನ್ನಿ' ಎಂಬ ಕರೆ ಮನಸ್ಸನ್ನು ಬೇಗ ಹಿಡಿಯುತ್ತದೆ. ಆದರೆ ಉಮೆಓದ ಅಂಕಿಗಳು ನೆನಪಿರಲಿ: ಛಲ ಆರು ತಿಂಗಳು ಓಡಿಸುತ್ತದೆ, ಎರಡು ವರ್ಷ ಓಡಿಸುವುದು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬಹುದಾದ ಊಟ. ಕಥೆಯನ್ನು ನಂಬಿ ಪಥ್ಯ ಹಿಡಿದವರು ಒಂದು ದಿನ ಮದುವೆಮನೆಯಲ್ಲಿ ಹೋಳಿಗೆ ತಿಂದೊಡನೆ ಇಡೀ ವ್ರತವೇ ಕೆಟ್ಟಿತೆಂದು ಕೈಬಿಡುತ್ತಾರೆ. ಕಾರಣವನ್ನು ಅರಿತವರು ಮರುದಿನ ಅನ್ನ ಕಡಿಮೆ ಬಡಿಸಿಕೊಳ್ಳುತ್ತಾರೆ. ಸೊಂಟದ ಸುತ್ತಳತೆ, ಮೂರು ತಿಂಗಳ ಸಕ್ಕರೆಯ ಸರಾಸರಿ, ತಿಂಗಳ ದಿನಸಿ ಖರ್ಚು, ಮನೆಯವರ ಸಹನೆ, ಇವಿಷ್ಟನ್ನು ನೋಡಿದರೆ ಯಾವ ಪಥ್ಯ ತಮಗೆ ಒಗ್ಗುತ್ತದೆಂದು ಯಾರಿಗಾದರೂ ತಿಳಿಯುತ್ತದೆ. ಆ ತೀರ್ಮಾನಕ್ಕೆ ಹತ್ತು ಲಕ್ಷ ವರ್ಷದ ಹಿಂದಿನವರ ಅಪ್ಪಣೆ ಬೇಕಿಲ್ಲ.